ಬ್ರಿಟನ್ನಿನಲ್ಲಿ ಅಲ್ಪಾವಧಿ ಕಾಂಟ್ರಾಕ್ಟ್ ಕೆಲಸ: ಸೋಲ್ ಟ್ರೇಡರ್ ಆಗುವುದೋ, ಲಿಮಿಟೆಡ್ ಕಂಪನಿ ತೆರೆಯುವುದೋ?

ಬ್ರಿಟನ್ನಿನಲ್ಲಿ ಸಂಬಳದ ಕೆಲಸ ಬಿಟ್ಟು ಮೂರು ಅಥವಾ ಆರು ತಿಂಗಳ ಕಾಂಟ್ರಾಕ್ಟ್‌ಗೆ ಇಳಿಯುವ ನಮ್ಮವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವುದರಲ್ಲಿ ತೆರಿಗೆ ಕಡಿಮೆ ಬೀಳುತ್ತದೆ ಎಂದು. ಸ್ವಂತ ಹೆಸರಿನಲ್ಲಿ ಸೋಲ್ ಟ್ರೇಡರ್ ಆಗಿ ದುಡಿಯುವುದೋ, ಲಿಮಿಟೆಡ್ ಕಂಪನಿಯೊಂದನ್ನು ತೆರೆದು ಅದರ ನಿರ್ದೇಶಕರಾಗಿ ದುಡಿಯುವುದೋ ಎಂಬುದನ್ನು ಈ ಒಂದೇ ಪ್ರಶ್ನೆಯಿಂದ ತೀರ್ಮಾನಿಸುವುದಕ್ಕೆ 2016ರ ಏಪ್ರಿಲ್‌ಗೆ ಮೊದಲು ಸ್ವಲ್ಪಮಟ್ಟಿಗೆ ಅರ್ಥವಿತ್ತು. ಆಗ ಮೂಲ ದರದ (ಆದಾಯ ತೆರಿಗೆಯ ಶೇ. 20ರ ಹಂತದ) ತೆರಿಗೆದಾರರಿಗೆ ಡಿವಿಡೆಂಡಿನ (ಕಂಪನಿಯ ಲಾಭದಿಂದ ಮಾಲೀಕರಿಗೆ ಹಂಚುವ ಪಾಲಿನ) ಮೇಲೆ ಹೆಚ್ಚುವರಿ ತೆರಿಗೆಯೇ ಬೀಳುತ್ತಿರಲಿಲ್ಲ. ಅಲ್ಲಿಂದೀಚೆಗೆ ಡಿವಿಡೆಂಡ್ ತೆರಿಗೆ ಏರುತ್ತಲೇ ಬಂದಿದೆ, ವಿನಾಯಿತಿ 5,000 ಪೌಂಡಿನಿಂದ 500ಕ್ಕೆ ಇಳಿದಿದೆ, 50,000 ಪೌಂಡ್ ಮೀರಿದ ಲಾಭದ ಮೇಲೆ ಕಂಪನಿಗಳು ಕಟ್ಟುವ ಕಾರ್ಪೊರೇಷನ್ ತೆರಿಗೆಯೂ ಹೆಚ್ಚಿದೆ. ಆದ್ದರಿಂದ ಈ ಬರಹದಲ್ಲಿ ತೆರಿಗೆಯ ಲೆಕ್ಕವನ್ನು ನಡುವಿಗೆ ತಳ್ಳಿ, ಅದಕ್ಕಿಂತ ಮೊದಲೇ ಆಯ್ಕೆಯನ್ನು ನಿರ್ಧರಿಸಿಬಿಡುವ ಸಂಗತಿಗಳನ್ನು ಮುಂದೆ ಇಟ್ಟಿದ್ದೇನೆ: ನಿಮ್ಮ ವೀಸಾ ಯಾವುದು, ನಿಮಗೂ ಗ್ರಾಹಕರಿಗೂ ನಡುವೆ ಯಾರಿದ್ದಾರೆ, ಕೆಲಸ ಎಷ್ಟು ದಿನದ್ದು, ಮತ್ತು ಅದು ತೆರಿಗೆ ವರ್ಷ ಮುಗಿಯುವ ಏಪ್ರಿಲ್ 5ರ ಯಾವ ಬದಿಗೆ ಬೀಳುತ್ತದೆ.

ಎರಡರ ಮೂಲ ವ್ಯತ್ಯಾಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಸೋಲ್ ಟ್ರೇಡರ್ ವಿಷಯದಲ್ಲಿ ಕಾನೂನು ವ್ಯಕ್ತಿಯನ್ನೂ ವ್ಯವಹಾರವನ್ನೂ ಬೇರೆ ಮಾಡಿ ನೋಡುವುದಿಲ್ಲ. ವರ್ಷದ ಲಾಭವನ್ನು ನೀವು ಬ್ಯಾಂಕಿನಿಂದ ತೆಗೆದಿರಲಿ ಬಿಟ್ಟಿರಲಿ, ಅದಷ್ಟೂ ಆ ವರ್ಷದ ನಿಮ್ಮ ಆದಾಯ. ಲಿಮಿಟೆಡ್ ಕಂಪನಿ ಕಾನೂನಿನ ದೃಷ್ಟಿಯಲ್ಲಿ ಇನ್ನೊಬ್ಬ ವ್ಯಕ್ತಿ. ಗ್ರಾಹಕರು ಕೊಟ್ಟ ಹಣ ಕಂಪನಿಯದು, ನಿಮ್ಮದಲ್ಲ. ಅದು ಸಂಬಳವಾಗಿ, ಡಿವಿಡೆಂಡಾಗಿ, ಪಿಂಚಣಿಯ ಕಂತಾಗಿ ಅಥವಾ ಖರ್ಚಿನ ಮರುಪಾವತಿಯಾಗಿ ಮಾತ್ರ ನಿಮ್ಮ ಕೈಗೆ ಬರಬೇಕು. ಕಂಪನಿಯ ಖಾತೆಯಿಂದ ಮನೆಯ ದಿನಸಿಗೆ ಹಣ ತೆಗೆದರೆ ಅದು ನಿರ್ದೇಶಕರು ಪಡೆದ ಸಾಲವೆಂದು ದಾಖಲಾಗುತ್ತದೆ, ಲೆಕ್ಕದ ವರ್ಷ ಮುಗಿದು ಒಂಬತ್ತು ತಿಂಗಳು ಒಂದು ದಿನದೊಳಗೆ ಅದನ್ನು ತೀರಿಸದಿದ್ದರೆ ಕಂಪನಿಯ ಮೇಲೆ ಪ್ರತ್ಯೇಕ ತೆರಿಗೆ ಬೀಳುತ್ತದೆ. ಮುಂದೆ ಬರುವ ಲಾಭನಷ್ಟಗಳೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ವೀಸಾ ಅನುಮತಿಸುತ್ತದೆಯೇ?

ಇದನ್ನು ಮೊದಲು ನೋಡದೆ ಮುಂದಿನದನ್ನು ಓದುವುದರಲ್ಲಿ ಪ್ರಯೋಜನವಿಲ್ಲ. ಸ್ಟೂಡೆಂಟ್ ವೀಸಾದಲ್ಲಿರುವವರಿಗೆ ಸ್ವಂತ ಉದ್ಯೋಗ ನಿಷಿದ್ಧ. ತಮ್ಮ ಕಂಪನಿಯ ಹೆಸರಿನಲ್ಲಿ ಮಾಡಿದರೂ ನಿಷೇಧ ತಪ್ಪುವುದಿಲ್ಲ. ಸ್ಕಿಲ್ಡ್ ವರ್ಕರ್ ವೀಸಾ ಒಂದು ನಿರ್ದಿಷ್ಟ ಸಂಸ್ಥೆಯ ಪ್ರಾಯೋಜನೆಗೆ ಕಟ್ಟಿಹಾಕಿದ ವೀಸಾ ಆದ್ದರಿಂದ, ಆ ಕೆಲಸ ಬಿಟ್ಟು ಕಾಂಟ್ರಾಕ್ಟರ್ ಆಗಿ ಬದುಕುವ ದಾರಿ ಅದರಲ್ಲಿ ಇಲ್ಲ. ಆದರೆ ಅದೇ ವೀಸಾದವರ ಅವಲಂಬಿತರಾಗಿ ಬಂದ ಪತಿ ಅಥವಾ ಪತ್ನಿ ಸ್ವಂತ ಉದ್ಯೋಗ ಮಾಡಬಹುದು. ಗ್ರಾಜುಯೇಟ್ ವೀಸಾದವರು, ಗ್ಲೋಬಲ್ ಟ್ಯಾಲೆಂಟ್ ವೀಸಾದವರು ಮತ್ತು ಶಾಶ್ವತ ನೆಲೆಯ ಅನುಮತಿ ಪಡೆದವರೂ ಮಾಡಬಹುದು. ಭಾರತೀಯ ಯುವ ವೃತ್ತಿಪರರ ಯೋಜನೆಯಡಿ ಬಂದವರಿಗೂ ಅವಕಾಶವಿದೆ, ಆದರೆ ಅವರ ಸಲಕರಣೆಗಳ ಬೆಲೆ 5,000 ಪೌಂಡ್ ಮೀರಬಾರದು, ಜಾಗ ಬಾಡಿಗೆಯದಾಗಿರಬೇಕು, ನೌಕರರನ್ನು ಇಟ್ಟುಕೊಳ್ಳಬಾರದು. ಗೆಳೆಯರೊಬ್ಬರು ಕಂಪನಿ ತೆರೆದರು ಎಂದು ನೀವೂ ತೆರೆಯುವ ಮೊದಲು ಅವರ ವೀಸಾ ಮತ್ತು ನಿಮ್ಮ ವೀಸಾ ಒಂದೇ ಆಗಿದೆಯೇ ಎಂದು ದಯವಿಟ್ಟು ನೋಡಿಕೊಳ್ಳಿ, ಏಕೆಂದರೆ ಇಲ್ಲಿ ತಪ್ಪಿದರೆ ಹೋಗುವುದು ಹಣವಲ್ಲ, ಈ ದೇಶದಲ್ಲಿ ಉಳಿಯುವ ಹಕ್ಕು.

ನಡುವೆ ಏಜೆನ್ಸಿ ಇದ್ದರೆ

ಐಟಿ, ಎಂಜಿನಿಯರಿಂಗ್, ಬ್ಯಾಂಕಿಂಗ್ ಕ್ಷೇತ್ರಗಳ ಅಲ್ಪಾವಧಿ ಕಾಂಟ್ರಾಕ್ಟ್‌ಗಳಲ್ಲಿ ಬಹುಪಾಲು ಏಜೆನ್ಸಿಗಳ ಮೂಲಕವೇ ಬರುತ್ತವೆ. ಅಲ್ಲಿ ಸೋಲ್ ಟ್ರೇಡರ್ ಎಂದರೆ ಬಾಗಿಲು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಇದು ಏಜೆನ್ಸಿಯವರ ಮೊಂಡುತನವಲ್ಲ. ಗಳಿಕೆಯ ಮೇಲಿನ ಆದಾಯ ತೆರಿಗೆಗೆ ಸಂಬಂಧಿಸಿದ 2003ರ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ, ಏಜೆನ್ಸಿಯ ಮೂಲಕ ಸ್ವತಃ ಕೆಲಸ ಮಾಡುವ ವ್ಯಕ್ತಿಯ ಕೆಲಸದ ರೀತಿಯ ಮೇಲೆ ಯಾರದಾದರೂ ಮೇಲ್ವಿಚಾರಣೆ, ನಿರ್ದೇಶನ ಅಥವಾ ನಿಯಂತ್ರಣ ಇದ್ದರೆ, ಅವರನ್ನು ನೌಕರರಂತೆ ಪರಿಗಣಿಸಿ ಏಜೆನ್ಸಿಯೇ ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರಿ ಪಿಂಚಣಿ ಮತ್ತು ಭತ್ಯೆಗಳಿಗಾಗಿ ಗಳಿಕೆಯ ಮೇಲೆ ಕಟ್ಟುವ ವಂತಿಗೆ) ಕಡಿತ ಮಾಡಬೇಕು. 2014ರ ತಿದ್ದುಪಡಿಯ ನಂತರ ಅಂಥ ನಿಯಂತ್ರಣ ಇಲ್ಲವೆಂದು ತೋರಿಸಿಕೊಡುವ ಭಾರವೂ ಏಜೆನ್ಸಿಯ ಮೇಲೆಯೇ ಬಿದ್ದಿದೆ. ಹೀಗಾಗಿ ಅವರು ನಿಮ್ಮ ಮುಂದೆ ಇಡುವ ಆಯ್ಕೆ ನಿಜವಾಗಿ ಬೇರೆಯದೇ: ಲಿಮಿಟೆಡ್ ಕಂಪನಿ, ಇಲ್ಲವೇ ಅಂಬ್ರೆಲಾ ಕಂಪನಿ.

ಅಂಬ್ರೆಲಾ ಎಂದರೆ ನಿಮ್ಮನ್ನು ತನ್ನ ನೌಕರರನ್ನಾಗಿ ಸೇರಿಸಿಕೊಂಡು, ಏಜೆನ್ಸಿಯಿಂದ ಹಣ ಪಡೆದು, ಕಡಿತಗಳ ನಂತರ ನಿಮಗೆ ಸಂಬಳ ಕೊಡುವ ಸಂಸ್ಥೆ. ಏಜೆನ್ಸಿ ಹೇಳುವ ದಿನದ ದರ ನಿಮ್ಮ ಸಂಬಳವಲ್ಲ ಎಂಬುದನ್ನು ಹಲವರು ಮೊದಲ ಸಂಬಳದ ಚೀಟಿ ನೋಡಿದ ಮೇಲೆಯೇ ತಿಳಿಯುತ್ತಾರೆ. ಉದ್ಯೋಗದಾತರು ಕಟ್ಟಬೇಕಾದ ಶೇ. 15ರ ನ್ಯಾಷನಲ್ ಇನ್ಶೂರೆನ್ಸ್, ಶೇ. 0.5ರ ಅಪ್ರೆಂಟಿಸ್‌ಶಿಪ್ ಲೆವಿ ಮತ್ತು ಅಂಬ್ರೆಲಾದ ಶುಲ್ಕ ಆ ದರದಿಂದಲೇ ಹೋಗುತ್ತವೆ, ಆಮೇಲೆ ನಿಮ್ಮ ಪಾಲಿನ ತೆರಿಗೆ. ಒಪ್ಪುವ ಮೊದಲು ಏಜೆನ್ಸಿ ಕೊಡಲೇಬೇಕಾದ ಪ್ರಮುಖ ಮಾಹಿತಿ ಪತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ ಈ ಕಡಿತಗಳೆಲ್ಲ ಮಾದರಿ ಲೆಕ್ಕದೊಂದಿಗೆ ಇರುತ್ತವೆ. ಇಷ್ಟಾದರೂ ಮೂರು ತಿಂಗಳ ಒಂದೇ ಒಂದು ಕಾಂಟ್ರಾಕ್ಟ್ ಮುಗಿಸಿ ಮತ್ತೆ ಸಂಬಳದ ಕೆಲಸಕ್ಕೆ ಮರಳುವವರಿಗೆ ಅಂಬ್ರೆಲಾ ಕೆಟ್ಟ ಆಯ್ಕೆಯಲ್ಲ. ಕೆಲಸ ಮುಗಿದ ದಿನ ನಿಮ್ಮ ತಲೆಯ ಮೇಲೆ ಯಾವ ಕಾಗದದ ಹೊರೆಯೂ ಉಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ದಿನದ ದರದ ಶೇ. 80 ಅಥವಾ 85 ಭಾಗ ಕೈಗೆ ಬರುತ್ತದೆ ಎಂದು ಭರವಸೆ ಕೊಡುವ ಅಂಬ್ರೆಲಾ ಅಥವಾ ಸಲಹೆಗಾರರು ಕಂಡರೆ ದೂರವಿರಿ. ಹಿಂದೆ ಸಂಬಳದ ದೊಡ್ಡ ಭಾಗವನ್ನು ಸಾಲವೆಂದು ಬರೆದು ಕೊಡುತ್ತಿದ್ದ ಯೋಜನೆಗಳಿಗೆ ಸೇರಿದ ಕಾಂಟ್ರಾಕ್ಟರುಗಳು, 2019ರ ಏಪ್ರಿಲ್ 5ರಂದು ಬಾಕಿ ಇದ್ದ ಆ ಸಾಲಗಳ ಮೇಲೆ ಲೋನ್ ಚಾರ್ಜ್ ಎಂಬ ತೆರಿಗೆಯನ್ನು ಎದುರಿಸಬೇಕಾಯಿತು. ಯೋಜನೆ ಮಾರಿದವರು ಶುಲ್ಕ ಪಡೆದು ಹೋಗಿಯಾಗಿತ್ತು, ಬಿಲ್ ಬಂದದ್ದು ದುಡಿದವರ ಮನೆಗೆ.

ಐಆರ್35 ಒಳಗೋ, ಹೊರಗೋ

ಲಿಮಿಟೆಡ್ ಕಂಪನಿಯ ಮೂಲಕ ಕೆಲಸ ಮಾಡುವವರ ಪಾಲಿಗೆ ಇದು ಎಲ್ಲಕ್ಕಿಂತ ಭಾರವಾದ ಪ್ರಶ್ನೆ. 1999ರ ಬಜೆಟ್ ಸಮಯದ ಒಂದು ಪತ್ರಿಕಾ ಪ್ರಕಟಣೆಯ ಸಂಖ್ಯೆಯಿಂದ ಹೆಸರು ಪಡೆದು 2000ದ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಈ ನಿಯಮದ ಸಾರವಿಷ್ಟು: ನಡುವಿನ ಕಂಪನಿಯನ್ನು ತೆಗೆದು ನೋಡಿದರೆ ನೀವು ಗ್ರಾಹಕರ ನೌಕರರಂತೆಯೇ ಕಾಣುತ್ತೀರಾದರೆ, ತೆರಿಗೆಯನ್ನೂ ನೌಕರರಂತೆಯೇ ಕಟ್ಟಬೇಕು. ನೀವು ಯಾವಾಗ, ಎಲ್ಲಿ, ಹೇಗೆ ಕೆಲಸ ಮಾಡಬೇಕೆಂದು ನಿಯಂತ್ರಿಸುವವರು ಯಾರು, ನಿಮ್ಮ ಬದಲು ಇನ್ನೊಬ್ಬರನ್ನು ಕಳಿಸುವ ಹಕ್ಕು ನಿಜವಾಗಿ ಇದೆಯೇ, ಮತ್ತು ಕೆಲಸ ಕೊಡಲೇಬೇಕೆಂಬ, ಕೊಟ್ಟದ್ದನ್ನು ಮಾಡಲೇಬೇಕೆಂಬ ಪರಸ್ಪರ ಬಾಧ್ಯತೆ ಇದೆಯೇ ಎಂಬುವು ಇಲ್ಲಿ ಮುಖ್ಯ ಅಳತೆಗಳು. ಇವುಗಳ ಬೇರು 1968ರ ರೆಡಿ ಮಿಕ್ಸ್‌ಡ್ ಕಾಂಕ್ರೀಟ್ ಪ್ರಕರಣದ ತೀರ್ಪಿನಲ್ಲಿದೆ. ಒಪ್ಪಂದದಲ್ಲಿ ಬದಲಿ ವ್ಯಕ್ತಿಯ ಹಕ್ಕು ಬರೆದಿದ್ದು, ವಾಸ್ತವದಲ್ಲಿ ಗ್ರಾಹಕರು ಒಪ್ಪುವುದೇ ಇಲ್ಲವೆಂದರೆ ಆ ಸಾಲಿಗೆ ಬೆಲೆ ಇಲ್ಲ.

ಒಳಗೋ ಹೊರಗೋ ಎಂದು ತೀರ್ಮಾನಿಸುವ ಅಧಿಕಾರ ಸರ್ಕಾರಿ ವಲಯದಲ್ಲಿ 2017ರ ಏಪ್ರಿಲ್‌ನಿಂದ, ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಸಂಸ್ಥೆಗಳಲ್ಲಿ 2021ರ ಏಪ್ರಿಲ್‌ನಿಂದ ಗ್ರಾಹಕರ ಕೈಗೆ ಹೋಗಿದೆ. ಅವರು ಕಾರಣಗಳನ್ನು ಬರೆದು ಸ್ಥಿತಿ ನಿರ್ಧಾರದ ಪತ್ರವನ್ನು ಕೊಡಬೇಕು. ನೀವು ಒಪ್ಪದಿದ್ದರೆ ಆಕ್ಷೇಪ ಸಲ್ಲಿಸಬಹುದು, 45 ದಿನಗಳೊಳಗೆ ಅವರು ಉತ್ತರಿಸಬೇಕು. ಮೂರು ತಿಂಗಳ ಕಾಂಟ್ರಾಕ್ಟಿನಲ್ಲಿ 45 ದಿನವೆಂದರೆ ಅರ್ಧ ಕೆಲಸವೇ ಮುಗಿದಿರುತ್ತದೆ, ಆದ್ದರಿಂದ ಈ ಪತ್ರವನ್ನು ಸಹಿಗೆ ಮೊದಲೇ ಕೇಳುವುದು ಜಾಣತನ. ಪತ್ರದಲ್ಲಿ ‘ಒಳಗೆ’ ಎಂದಿದ್ದರೆ ನಿಮ್ಮ ಕಂಪನಿಗೆ ಹಣ ಬರುವ ಮೊದಲೇ ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ ಕಡಿತವಾಗಿರುತ್ತದೆ. ಆಮೇಲೆ ಕಂಪನಿಯ ಲೆಕ್ಕಪತ್ರ, ಫೈಲಿಂಗ್, ಶುಲ್ಕಗಳನ್ನು ಹೊತ್ತುಕೊಳ್ಳುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಸಣ್ಣ ಗ್ರಾಹಕ ಸಂಸ್ಥೆಗಳ ವಿಷಯದಲ್ಲಿ ಮಾತ್ರ ತೀರ್ಮಾನವೂ, ಅದು ತಪ್ಪಾದರೆ ಬರುವ ಹೊಣೆಯೂ ಇಂದಿಗೂ ನಿಮ್ಮ ಕಂಪನಿಯದೇ.

ಏಜೆನ್ಸಿ ಇಲ್ಲದೆ ನೇರವಾಗಿ ಕೆಲಸ ಸಿಕ್ಕರೆ ಸೋಲ್ ಟ್ರೇಡರ್ ದಾರಿ ಮತ್ತೆ ತೆರೆದುಕೊಳ್ಳುತ್ತದೆ. ನಡುವೆ ಕಂಪನಿಯೇ ಇಲ್ಲದ್ದರಿಂದ ಐಆರ್35 ಅನ್ವಯಿಸುವುದಿಲ್ಲ. ಆದರೆ ನೀವು ನೌಕರರೋ ಅಲ್ಲವೋ ಎಂಬ ಅದೇ ಅಳತೆಗಳು ಇರುತ್ತವೆ, ಮತ್ತು ನೌಕರರೆಂದು ತೀರ್ಮಾನವಾದರೆ ತೆರಿಗೆಯ ಹೊಣೆ ಗ್ರಾಹಕರ ಮೇಲೆ ಬೀಳುತ್ತದೆ. ದೊಡ್ಡ ಸಂಸ್ಥೆಗಳು ಹಿಂಜರಿಯುವುದು ಇದೇ ಕಾರಣಕ್ಕೆ. ಅನುವಾದಕರು, ಆಸ್ಪತ್ರೆ ಮತ್ತು ನ್ಯಾಯಾಲಯಗಳಲ್ಲಿ ದುಭಾಷಿಗಳಾಗಿ ಕೆಲಸ ಮಾಡುವವರು, ವಿನ್ಯಾಸಕಾರರು, ಛಾಯಾಗ್ರಾಹಕರು, ಸಂಗೀತ ಮತ್ತು ಭರತನಾಟ್ಯ ಕಲಿಸುವವರು, ಹೀಗೆ ಹಲವು ಗ್ರಾಹಕರನ್ನು ಒಟ್ಟಿಗೆ ಇಟ್ಟುಕೊಂಡವರಿಗೆ ಸೋಲ್ ಟ್ರೇಡರ್ ರೂಪ ಸಹಜವಾಗಿ ಹೊಂದುತ್ತದೆ. ಕರ್ನಾಟಕದಿಂದ ಬಂದು ಇಲ್ಲಿ ಜನರಲ್ ಪ್ರಾಕ್ಟೀಷನರ್ ಆಗಿ ಲೋಕಮ್ (ಬೇರೆ ವೈದ್ಯರ ಬದಲಿಗೆ ತಾತ್ಕಾಲಿಕವಾಗಿ ಮಾಡುವ) ಕೆಲಸ ಮಾಡುವ ವೈದ್ಯರಿಗೆ ಇನ್ನೊಂದು ಕಾರಣವೂ ಇದೆ: ಕಂಪನಿಯ ಮೂಲಕ ಬಂದ ಲೋಕಮ್ ಆದಾಯವನ್ನು ಎನ್‌ಎಚ್‌ಎಸ್ ಪಿಂಚಣಿಗೆ ಸೇರಿಸಲಾಗುವುದಿಲ್ಲ, ಸೋಲ್ ಟ್ರೇಡರ್ ಆಗಿ ಬಂದದ್ದನ್ನು ಸೇರಿಸಬಹುದು. ಆ ಪಿಂಚಣಿಯನ್ನು ಕಳೆದುಕೊಂಡು ಉಳಿಸುವ ತೆರಿಗೆ ಉಳಿತಾಯವೇ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಕೈಗೆ ಬರುವ ಹಣ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನವು ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ 2025-26ರ ದರಗಳು. ಸ್ಕಾಟ್ಲೆಂಡಿನಲ್ಲಿ ಆದಾಯ ತೆರಿಗೆಯ ಹಂತಗಳು ಬೇರೆ. ಇಲ್ಲಿ ಬೇರೆ ಆದಾಯವಿಲ್ಲವೆಂದೂ, ಕಂಪನಿ ಐಆರ್35 ಹೊರಗಿದೆಯೆಂದೂ, ನಿರ್ದೇಶಕರು 12,570 ಪೌಂಡ್ ಸಂಬಳ ಪಡೆದು ಉಳಿದದ್ದನ್ನು ಡಿವಿಡೆಂಡಾಗಿ ತೆಗೆಯುತ್ತಾರೆಂದೂ ಭಾವಿಸಿದ್ದೇನೆ.

ಖರ್ಚು ಕಳೆದು 40,000 ಪೌಂಡ್ ಲಾಭವಿದೆ ಎನ್ನಿ. ಸೋಲ್ ಟ್ರೇಡರ್ ಆದರೆ 12,570ರ ಮೇಲಿನ ಮೊತ್ತಕ್ಕೆ ಶೇ. 20 ಆದಾಯ ತೆರಿಗೆ 5,486 ಪೌಂಡ್, ಶೇ. 6ರ ನಾಲ್ಕನೇ ವರ್ಗದ (ಸ್ವಂತ ಉದ್ಯೋಗದವರು ಕಟ್ಟುವ) ನ್ಯಾಷನಲ್ ಇನ್ಶೂರೆನ್ಸ್ ಸುಮಾರು 1,646 ಪೌಂಡ್. ಕೈಗೆ ಉಳಿಯುವುದು 32,868. ಕಂಪನಿಯಾದರೆ, 5,000 ಮೀರಿದ ಸಂಬಳದ ಮೇಲೆ ಉದ್ಯೋಗದಾತರ ಶೇ. 15ರ ನ್ಯಾಷನಲ್ ಇನ್ಶೂರೆನ್ಸ್ 1,136 ಪೌಂಡ್ (ಒಬ್ಬರೇ ನಿರ್ದೇಶಕರಿದ್ದು ಅವರೊಬ್ಬರೇ ಸಂಬಳ ಪಡೆಯುವ ಕಂಪನಿಗೆ ಇದರ ರಿಯಾಯಿತಿ ಸಿಗುವುದಿಲ್ಲ), ಉಳಿದ ಲಾಭದ ಮೇಲೆ ಶೇ. 19 ಕಾರ್ಪೊರೇಷನ್ ತೆರಿಗೆ 4,996, ಆಮೇಲೆ ಶೇ. 8.75 ಡಿವಿಡೆಂಡ್ ತೆರಿಗೆ 1,820. ಕೈಗೆ ಬರುವುದು 32,049. ಅಂದರೆ ಅಕೌಂಟೆಂಟ್ ಶುಲ್ಕ ಕೊಡುವ ಮೊದಲೇ ಕಂಪನಿ ಸುಮಾರು 820 ಪೌಂಡ್ ಹಿಂದಿದೆ. 2026ರ ಏಪ್ರಿಲ್ 6ರಿಂದ ಡಿವಿಡೆಂಡಿನ ಮೂಲ ದರ ಶೇ. 10.75ಕ್ಕೆ, ಮೇಲಿನ ದರ ಶೇ. 35.75ಕ್ಕೆ ಏರುವುದರಿಂದ ಅದೇ ವ್ಯತ್ಯಾಸ ಸುಮಾರು 1,235 ಪೌಂಡ್ ಆಗುತ್ತದೆ.

ಲಾಭ 70,000 ಆದರೆ? ಸೋಲ್ ಟ್ರೇಡರ್ ಕೈಗೆ 51,911 ಪೌಂಡ್ ಉಳಿಯುತ್ತದೆ. ಕಂಪನಿಯಿಂದ ಪೂರ್ತಿ ಹಣ ಹೊರತೆಗೆದರೆ 2025-26ರ ದರದಲ್ಲಿ 51,935, ಅಂದರೆ ಹೆಚ್ಚುಕಡಿಮೆ ಸಮ. 2026-27ರ ದರದಲ್ಲಿ 51,042, ಅಂದರೆ ಕಂಪನಿಗೆ ಮತ್ತೆ ನಷ್ಟ. ಕಂಪನಿ ತೆರೆದರೆ ತೆರಿಗೆ ಉಳಿಯುತ್ತದೆ ಎಂಬ ಮಾತನ್ನು ಈಗಲೂ ಖಚಿತವಾಗಿ ಹೇಳುವವರು ಹಳೆಯ ದರಗಳ ನೆನಪಿನಲ್ಲಿ ಹೇಳುತ್ತಿದ್ದಾರೆ. ಬಂದ ಹಣವನ್ನೆಲ್ಲ ಅದೇ ವರ್ಷ ಮನೆಖರ್ಚಿಗೆ ತೆಗೆಯಬೇಕಾದವರಿಗೆ ಕಂಪನಿಯಿಂದ ತೆರಿಗೆಯ ಲಾಭ ಈಗ ಇಲ್ಲವೆಂದೇ ತಿಳಿಯಬೇಕು.

ಲಾಭ ಇರುವುದು ಹಣವನ್ನು ಒಳಗೆ ಬಿಡಬಲ್ಲವರಿಗೆ, ಇಲ್ಲವೇ ಪಿಂಚಣಿಗೆ ಹಾಕಬಲ್ಲವರಿಗೆ. ಕಂಪನಿ ನಿಮ್ಮ ಪಿಂಚಣಿಗೆ ನೇರವಾಗಿ ಕಟ್ಟಿದ ಕಂತು ಅದರ ಖರ್ಚೆಂದು ಎಣಿಕೆಯಾಗುತ್ತದೆ, ಅದರ ಮೇಲೆ ನ್ಯಾಷನಲ್ ಇನ್ಶೂರೆನ್ಸ್ ಕೂಡ ಇಲ್ಲ. ಸೋಲ್ ಟ್ರೇಡರ್‌ಗೆ ಪಿಂಚಣಿಯ ಕಂತಿನ ಮೇಲೆ ಆದಾಯ ತೆರಿಗೆಯ ರಿಯಾಯಿತಿ ಇದ್ದರೂ ನ್ಯಾಷನಲ್ ಇನ್ಶೂರೆನ್ಸ್ ತಗ್ಗುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಒಬ್ಬರ ಆದಾಯ 60,000 ದಾಟಿದರೆ ಚೈಲ್ಡ್ ಬೆನಿಫಿಟ್ ಕರಗತೊಡಗುವ, 1,00,000 ದಾಟಿದರೆ ಉಚಿತ ಶಿಶುಪಾಲನೆಯ ಗಂಟೆಗಳು ಕೈತಪ್ಪುವ ಸ್ಥಿತಿಯಲ್ಲಿರುವವರಿಗೆ, ಯಾವ ವರ್ಷ ಎಷ್ಟು ತೆಗೆಯಬೇಕೆಂಬ ಹಿಡಿತ ತೆರಿಗೆ ದರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಏಪ್ರಿಲ್ 5ರ ಗೆರೆ

ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮರುವರ್ಷದ ಏಪ್ರಿಲ್ 5ರವರೆಗೆ. ಅಲ್ಪಾವಧಿ ಕೆಲಸದಲ್ಲಿ ಈ ಗೆರೆಯನ್ನು ನೋಡದೆ ಮಾಡಿದ ಹೋಲಿಕೆ ಅಪೂರ್ಣ.

ಒಬ್ಬರು 2025ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಉದ್ಯೋಗದಲ್ಲಿದ್ದು 45,000 ಪೌಂಡ್ ಸಂಬಳ ಪಡೆದು, ಜನವರಿಯಿಂದ ಮಾರ್ಚ್‌ವರೆಗೆ ದಿನಕ್ಕೆ 400 ಪೌಂಡಿನಂತೆ 60 ದಿನ ಕಾಂಟ್ರಾಕ್ಟ್ ಮಾಡಿ 24,000 ಗಳಿಸಿದರು ಎನ್ನೋಣ. ಸೋಲ್ ಟ್ರೇಡರ್ ಆದರೆ ಆ 24,000 ಸಂಬಳದ ಮೇಲೆ ಬಂದು ಕೂರುತ್ತದೆ. ಮೂಲ ದರದ ಹಂತದಲ್ಲಿ ಇನ್ನೂ ಉಳಿದಿರುವ 5,270 ಪೌಂಡ್‌ಗೆ ಶೇ. 20, ಉಳಿದದ್ದಕ್ಕೆ ಶೇ. 40, ಜೊತೆಗೆ ನ್ಯಾಷನಲ್ ಇನ್ಶೂರೆನ್ಸ್ ಸೇರಿ 9,232 ಹೋಗಿ 14,768 ಉಳಿಯುತ್ತದೆ. ಅದೇ ಕಂಪನಿಯ ಮೂಲಕ ಮಾಡಿ, ಸಂಬಳ ತೆಗೆಯದೆ, ಶೇ. 19 ಕಾರ್ಪೊರೇಷನ್ ತೆರಿಗೆ ಕಟ್ಟಿ, ಉಳಿದ 19,440 ಪೌಂಡನ್ನು ಏಪ್ರಿಲ್ 6ರ ನಂತರ ಡಿವಿಡೆಂಡಾಗಿ ಪಡೆದರೆ, ಮತ್ತು ಆ ವರ್ಷ ಮಗುವಿನ ಆರೈಕೆಗೋ ಓದಿಗೋ ಇಲ್ಲಿಯೇ ಇದ್ದು ಬೇರೆ ಆದಾಯವಿಲ್ಲದೆ ಕಳೆದರೆ, ತೆರಿಗೆ ಸುಮಾರು 685 ಪೌಂಡ್ ಮಾತ್ರ, ಕೈಗೆ 18,755. ವ್ಯತ್ಯಾಸ ಸುಮಾರು 4,000 ಪೌಂಡ್. ಆದರೆ ಅವರು ಏಪ್ರಿಲ್‌ನಲ್ಲಿಯೇ ಮತ್ತೆ 45,000 ಸಂಬಳದ ಕೆಲಸಕ್ಕೆ ಸೇರಿ ಅದೇ ವರ್ಷ ಡಿವಿಡೆಂಡನ್ನೂ ತೆಗೆದರೆ ಉಳಿಯುವುದು 13,861, ಅಂದರೆ ಸೋಲ್ ಟ್ರೇಡರ್‌ಗಿಂತ ಕಡಿಮೆ. ಒಂದೇ ಕೆಲಸ, ಒಂದೇ ದರ. ಉತ್ತರವನ್ನು ಬದಲಿಸಿದ್ದು ಮುಂದಿನ ವರ್ಷದ ಬದುಕು. ಆದ್ದರಿಂದ ಅಕೌಂಟೆಂಟ್ ಬಳಿಗೆ ಹೋಗುವಾಗ ಈ ವರ್ಷದ ಅಂದಾಜಿನೊಂದಿಗೆ ಮುಂದಿನ ವರ್ಷದ ಯೋಜನೆಯನ್ನೂ ಹೇಳಿ.

ನಮ್ಮಲ್ಲಿ ಹಲವರು ಮರೆಯುವ ಇನ್ನೊಂದು ಸಂಗತಿ ಊರಿನ ಆದಾಯ. ಇಲ್ಲಿ ಹಲವು ವರ್ಷಗಳಿಂದ ನಿವಾಸಿಗಳಾಗಿರುವವರ ಮಟ್ಟಿಗೆ ಮೈಸೂರಿನ ಮನೆಯ ಬಾಡಿಗೆಯೂ, ಬೆಂಗಳೂರಿನ ಬ್ಯಾಂಕಿನ ಠೇವಣಿಯ ಬಡ್ಡಿಯೂ ಬ್ರಿಟನ್ನಿನ ತೆರಿಗೆ ಲೆಕ್ಕಕ್ಕೆ ಸೇರುತ್ತವೆ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಎರಡು ದೇಶಗಳ ಒಪ್ಪಂದದಡಿ ರಿಯಾಯಿತಿ ಸಿಗಬಹುದು, ಆದರೆ ಆ ಆದಾಯ ಮೂಲ ದರದ ಹಂತದಲ್ಲಿ ಮೊದಲು ಜಾಗ ಹಿಡಿದು, ಡಿವಿಡೆಂಡನ್ನು ಮೇಲಿನ ದರಕ್ಕೆ ತಳ್ಳಬಹುದು. ಕಾಂಟ್ರಾಕ್ಟಿನ ನಡುವೆ ತಿಂಗಳುಗಟ್ಟಲೆ ಬೆಂಗಳೂರಿನಿಂದ ಕೆಲಸ ಮಾಡುವ ಆಲೋಚನೆ ಇದ್ದರೆ, ಭಾರತದ ತೆರಿಗೆಯ ಪ್ರಶ್ನೆ ವ್ಯಕ್ತಿಗೂ ಕಂಪನಿಗೂ ಪ್ರತ್ಯೇಕವಾಗಿ ಏಳುತ್ತದೆ. ಹೊರಡುವ ಮೊದಲೇ ಸಲಹೆ ಪಡೆಯಿರಿ.

ತೆರೆಯುವುದಕ್ಕೆ ಒಂದು ದಿನ, ಮುಚ್ಚುವುದಕ್ಕೆ ತಿಂಗಳುಗಳು

ಸೋಲ್ ಟ್ರೇಡರ್ ಆಗುವುದಕ್ಕೆ ಶುಲ್ಕವಿಲ್ಲ. ವರ್ಷದ ಒಟ್ಟು ವಹಿವಾಟು 1,000 ಪೌಂಡ್ ದಾಟಿದರೆ, ತೆರಿಗೆ ವರ್ಷ ಮುಗಿದ ನಂತರದ ಅಕ್ಟೋಬರ್ 5ರೊಳಗೆ ಬ್ರಿಟನ್ನಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಲ್ಲಿ ನೋಂದಾಯಿಸಿಕೊಂಡು ಜನವರಿ 31ರೊಳಗೆ ರಿಟರ್ನ್ ಸಲ್ಲಿಸಬೇಕು. ಕೆಲಸ ಮುಗಿದರೆ ನಿಲ್ಲಿಸಿದ್ದೇನೆಂದು ತಿಳಿಸಿ, ಕೊನೆಯ ರಿಟರ್ನ್ ಕೊಟ್ಟರೆ ಆಯಿತು.

ಆದರೆ ಮೊದಲ ಜನವರಿ ಅನೇಕರನ್ನು ಬೆಚ್ಚಿಬೀಳಿಸುತ್ತದೆ. ತೆರಿಗೆ ಮೊತ್ತ 1,000 ಪೌಂಡ್ ಮೀರಿದ್ದು, ಅದರ ಬಹುಪಾಲು ಮೂಲದಲ್ಲಿಯೇ ಕಡಿತವಾಗದಿದ್ದರೆ, ಮುಂದಿನ ವರ್ಷದ ಮುಂಗಡವೆಂದು ಅರ್ಧ ಮೊತ್ತವನ್ನು ಅದೇ ದಿನ ಕಟ್ಟಬೇಕು, ಇನ್ನರ್ಧವನ್ನು ಜುಲೈ 31ರೊಳಗೆ. ಮೇಲಿನ 40,000 ಲಾಭದ ಉದಾಹರಣೆಯಲ್ಲಿ 7,132 ಪೌಂಡ್ ಬದಲು ಜನವರಿಯಲ್ಲಿ 10,698 ಕೇಳುತ್ತಾರೆ. ಕಾಂಟ್ರಾಕ್ಟ್ ಮುಗಿದು ಮುಂದಿನ ವರ್ಷ ಅಂಥ ಆದಾಯವಿಲ್ಲದವರು ಮುಂಗಡವನ್ನು ತಗ್ಗಿಸುವಂತೆ ಅರ್ಜಿ ಹಾಕಬಹುದು. ಅಲ್ಪಾವಧಿ ಕೆಲಸದವರು ಇದನ್ನು ತಪ್ಪದೆ ಮಾಡಬೇಕು. ಜೊತೆಗೆ, 50,000 ಪೌಂಡ್ ಮೀರಿದ ಸ್ವಂತ ಉದ್ಯೋಗದ ವಹಿವಾಟು ಮತ್ತು ಬಾಡಿಗೆ ಇರುವವರು 2026ರ ಏಪ್ರಿಲ್‌ನಿಂದ ಮೂರು ತಿಂಗಳಿಗೊಮ್ಮೆ ಸಾಫ್ಟ್‌ವೇರ್ ಮೂಲಕ ಲೆಕ್ಕ ಕಳಿಸಬೇಕಾಗುತ್ತದೆ. ಈ ಮಿತಿ 2027ರಲ್ಲಿ 30,000ಕ್ಕೆ, 2028ರಲ್ಲಿ 20,000ಕ್ಕೆ ಇಳಿಯಲಿದೆ.

ಕಂಪನಿಯನ್ನು ಕಂಪನಿಗಳ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ ಆನ್‌ಲೈನ್ ಮೂಲಕ ಸಾಮಾನ್ಯವಾಗಿ ಒಂದೇ ದಿನದಲ್ಲಿ ತೆರೆಯಬಹುದು. 2025ರ ನವೆಂಬರ್ 18ರಿಂದ ಹೊಸ ನಿರ್ದೇಶಕರು ಮೊದಲು ಗುರುತು ದೃಢೀಕರಿಸಬೇಕು. ನಂತರ ಬರುವುದು ವಾರ್ಷಿಕ ಲೆಕ್ಕಪತ್ರ, ದೃಢೀಕರಣ ಹೇಳಿಕೆ, ಕಾರ್ಪೊರೇಷನ್ ತೆರಿಗೆಯ ರಿಟರ್ನ್, ಸಂಬಳವಿದ್ದರೆ ಪೇರೋಲ್, ಇವೆಲ್ಲದರ ಮೇಲೆ ನಿಮ್ಮ ವೈಯಕ್ತಿಕ ರಿಟರ್ನ್. ಲೆಕ್ಕಪತ್ರ ಒಂದು ದಿನ ತಡವಾದರೂ 150 ಪೌಂಡ್ ದಂಡ, ಆರು ತಿಂಗಳು ಮೀರಿದರೆ 1,500. ಕಂಪನಿಯ ವಿಳಾಸ ಎಲ್ಲರಿಗೂ ಕಾಣುವ ದಾಖಲೆ ಎಂಬುದನ್ನೂ, ಮನೆಯ ವಿಳಾಸ ಕೊಡುವ ಮೊದಲು, ಯೋಚಿಸಿ.

ಮುಚ್ಚುವ ಕ್ರಮವನ್ನು ತೆರೆಯುವ ಮೊದಲೇ ಓದಬೇಕೆಂದು ನಾನು ಒತ್ತಾಯಿಸುತ್ತೇನೆ. ವ್ಯವಹಾರ ನಿಲ್ಲಿಸಿ ಮೂರು ತಿಂಗಳು ಕಳೆಯದೆ ಕಂಪನಿಯನ್ನು ದಾಖಲೆಯಿಂದ ತೆಗೆಯುವಂತೆ ಅರ್ಜಿ ಹಾಕುವಂತಿಲ್ಲ. ಅರ್ಜಿಯ ಪ್ರತಿಯನ್ನು ಏಳು ದಿನಗಳೊಳಗೆ ಎಚ್‌ಎಂಆರ್‌ಸಿ ಸೇರಿದಂತೆ ಸಂಬಂಧಪಟ್ಟವರಿಗೆಲ್ಲ ಕೊಡಬೇಕು, ಗೆಜೆಟ್‌ನಲ್ಲಿ ಪ್ರಕಟಣೆ ಬಂದ ಮೇಲೆ ಆಕ್ಷೇಪಗಳಿಗೆ ಎರಡು ತಿಂಗಳು ಕಾಯಬೇಕು. ಮೂರು ತಿಂಗಳ ಕೆಲಸಕ್ಕೆ ತೆರೆದ ಕಂಪನಿಯನ್ನು ಮುಚ್ಚುವುದಕ್ಕೆ ಐದು ತಿಂಗಳಿಗೂ ಹೆಚ್ಚು ಬೇಕು. ಮುಚ್ಚಿದ ದಿನ ಬ್ಯಾಂಕ್ ಖಾತೆಯಲ್ಲಿ ಹಣ ಉಳಿದಿದ್ದರೆ ಅದು ಸರ್ಕಾರದ ವಶವಾಗುತ್ತದೆ. ಮುಚ್ಚುವಾಗ ಹಂಚುವ ಮೊತ್ತ 25,000 ಪೌಂಡಿನೊಳಗಿದ್ದರೆ ಅದನ್ನು ಬಂಡವಾಳ ಲಾಭವೆಂದು ಪರಿಗಣಿಸುವ ಅವಕಾಶವಿದೆ. ಆದರೆ ಎರಡು ವರ್ಷಗಳೊಳಗೆ ಅದೇ ಬಗೆಯ ಕೆಲಸವನ್ನು ಮತ್ತೆ ಶುರುಮಾಡಿ, ಆದಾಯ ತೆರಿಗೆ ತಪ್ಪಿಸುವುದೇ ಮುಖ್ಯ ಉದ್ದೇಶಗಳಲ್ಲಿ ಒಂದೆಂದು ಕಂಡುಬಂದರೆ ಅದನ್ನು ಡಿವಿಡೆಂಡ್ ಎಂದೇ ತೆರಿಗೆಗೆ ಒಳಪಡಿಸುತ್ತಾರೆ. ಪ್ರತಿ ಕಾಂಟ್ರಾಕ್ಟಿಗೂ ಒಂದು ಕಂಪನಿ ತೆರೆದು ಮುಚ್ಚುವ ಉಪಾಯ ಇದರಿಂದ ನಡೆಯದು. ಇನ್ನೂ ಒಂದು ಸೂಕ್ಷ್ಮವಿದೆ: ಶೇ. 19ರ ದರಕ್ಕಿರುವ 50,000 ಪೌಂಡ್ ಲಾಭದ ಮಿತಿ ಹನ್ನೆರಡು ತಿಂಗಳ ಅವಧಿಗೆ ಸಂಬಂಧಿಸಿದ್ದು; ಲೆಕ್ಕದ ಅವಧಿ ಆರು ತಿಂಗಳಾದರೆ ಮಿತಿಯೂ 25,000ಕ್ಕೆ ಇಳಿಯುತ್ತದೆ.

ಹೊಣೆ ಮತ್ತು ವ್ಯಾಟ್

ಸೋಲ್ ಟ್ರೇಡರ್ ಹೊಣೆಗೆ ಮಿತಿಯಿಲ್ಲ. ವ್ಯವಹಾರದ ಸಾಲಕ್ಕೆ ಮನೆಯೂ ಉಳಿತಾಯವೂ ಈಡಾಗಬಹುದು. ಕಂಪನಿ ಆ ಅಪಾಯಕ್ಕೆ ತಡೆ ಹಾಕುತ್ತದೆ, ಆದರೆ ವೈಯಕ್ತಿಕ ಖಾತರಿ ಬರೆದುಕೊಟ್ಟಲ್ಲಿ ತಡೆ ಇಲ್ಲ. ಸಾಲವಾಗಲಿ ಸರಕಾಗಲಿ ಇಲ್ಲದ, ಬರೀ ಬುದ್ಧಿಯ ಕೆಲಸದವರಿಗೆ ನಿಜವಾದ ಅಪಾಯ ಕೆಲಸದಲ್ಲಾಗುವ ತಪ್ಪು. ಅದಕ್ಕೆ ಯಾವ ರೂಪದಲ್ಲಿದ್ದರೂ ವೃತ್ತಿಹೊಣೆಯ ವಿಮೆ ಮಾಡಿಸಲೇಬೇಕು. ವ್ಯಾಟ್ ವಿಷಯದಲ್ಲಿ ಎರಡೂ ಒಂದೇ: ಯಾವುದೇ ಹನ್ನೆರಡು ತಿಂಗಳಲ್ಲಿ ವಹಿವಾಟು 90,000 ಪೌಂಡ್ ದಾಟಿದರೆ ನೋಂದಣಿ ಕಡ್ಡಾಯ.

ಯಾರಿಗೆ ಯಾವುದು

ನನ್ನ ಅಭಿಪ್ರಾಯ ಇದು. ನೇರವಾಗಿ ಸಿಕ್ಕ ಸಣ್ಣ ಗ್ರಾಹಕರ ಕೆಲಸ, ಒಂದು ವರ್ಷದೊಳಗೆ ಮುಗಿಯುವುದು, ಬಂದ ಹಣ ಬದುಕಿಗೆ ಬೇಕಾದುದು ಎಂದಾದರೆ ಸೋಲ್ ಟ್ರೇಡರ್ ಆಗಿ. ಏಜೆನ್ಸಿಯ ಮೂಲಕ ಬಂದ, ಐಆರ್35 ಒಳಗಿನ ಒಂದೇ ಕಾಂಟ್ರಾಕ್ಟ್ ಆದರೆ ನಿಯಮ ಪಾಲಿಸುವ ಅಂಬ್ರೆಲಾ ಸಾಕು. 2026ರ ಏಪ್ರಿಲ್‌ನಿಂದ ಅಂಬ್ರೆಲಾ ತೆರಿಗೆ ಕಟ್ಟದಿದ್ದರೆ ಏಜೆನ್ಸಿಯೂ ಜೊತೆಯಾಗಿ ಹೊಣೆ ಹೊರಬೇಕಾದ್ದರಿಂದ, ಒಳ್ಳೆಯ ಏಜೆನ್ಸಿಗಳು ಅಂಬ್ರೆಲಾಗಳನ್ನು ಹಿಂದಿಗಿಂತ ಎಚ್ಚರದಿಂದ ಆರಿಸಬೇಕಾಗಿದೆ. ಐಆರ್35 ಹೊರಗಿನ ಕಾಂಟ್ರಾಕ್ಟ್‌ಗಳನ್ನು ಒಂದಾದಮೇಲೊಂದರಂತೆ ಎರಡು ಮೂರು ವರ್ಷ ಮಾಡುವ ಉದ್ದೇಶವಿದ್ದು, ಆದಾಯದ ಒಂದು ಪಾಲನ್ನು ಒಳಗೆ ಬಿಡಬಲ್ಲ ಅಥವಾ ಪಿಂಚಣಿಗೆ ಹಾಕಬಲ್ಲ ಸ್ಥಿತಿ ಇದ್ದರೆ ಕಂಪನಿ ತೆರೆಯಿರಿ. ಆಗ ಅದರ ಖರ್ಚು ಮತ್ತು ಶ್ರಮಕ್ಕೆ ತಕ್ಕ ಫಲವಿದೆ.

ಅನುಮಾನವಿದ್ದು ಗ್ರಾಹಕರು ಎರಡನ್ನೂ ಒಪ್ಪುವರಾದರೆ ಸೋಲ್ ಟ್ರೇಡರ್ ಆಗಿಯೇ ಶುರುಮಾಡುವುದು ಒಳ್ಳೆಯದು, ಏಕೆಂದರೆ ಅಲ್ಲಿಂದ ಕಂಪನಿಗೆ ದಾಟುವುದು ಕಂಪನಿಯಿಂದ ಹಿಂದಿರುಗುವುದಕ್ಕಿಂತ ಹೆಚ್ಚು ಸುಲಭ. ದಾಟುವಾಗ ಹಳೆಯ ಒಪ್ಪಂದ ತಾನಾಗಿ ಕಂಪನಿಯ ಹೆಸರಿಗೆ ಬರುವುದಿಲ್ಲ. ಗ್ರಾಹಕರ ಒಪ್ಪಿಗೆಯೊಂದಿಗೆ ಕಂಪನಿಯ ಹೆಸರಿನಲ್ಲಿ ಹೊಸ ಒಪ್ಪಂದ ಮಾಡಿಕೊಳ್ಳಬೇಕು, ವಿಮೆಯನ್ನು ಕಂಪನಿಯ ಹೆಸರಿಗೆ ಮಾಡಿಸಬೇಕು, ಕಂಪನಿಯ ಬ್ಯಾಂಕ್ ಖಾತೆ ಸಿದ್ಧವಾದ ಮೇಲೆಯೇ ಹೊಸ ಇನ್‌ವಾಯ್ಸ್ ಕಳಿಸಬೇಕು, ಮತ್ತು ವ್ಯಾಟ್ ನೋಂದಣಿ ಇದ್ದರೆ ಅದೇ ಸಂಖ್ಯೆಯನ್ನು ಕಂಪನಿಗೆ ವರ್ಗಾಯಿಸುವಂತೆ ಎಚ್‌ಎಂಆರ್‌ಸಿಗೆ ಅರ್ಜಿ ಹಾಕಬಹುದು. ಆ ದಿನದವರೆಗಿನ ಲಾಭ ನಿಮ್ಮ ವೈಯಕ್ತಿಕ ರಿಟರ್ನ್‌ನಲ್ಲಿಯೂ, ಮರುದಿನದಿಂದ ಬಂದದ್ದು ಕಂಪನಿಯ ಲೆಕ್ಕದಲ್ಲಿಯೂ ಇರಬೇಕು.